ಅರವತ್ತೆರಡನೆಯ ಬೀಜ

ನಮ್ಮೂರಿನಲ್ಲಿ ಮಗು ಹುಟ್ಟಿದರೆ ಮೊದಲು ನೋಡುವುದು ಎಡಗಾಲಿನ ಅಂಗಾಲನ್ನು. ಮೂಗು ಯಾರ ಹಾಗಿದೆ, ಬಣ್ಣ ಯಾರದು ಅನ್ನುವ ಮಾತೆಲ್ಲ ಆಮೇಲೆ. ಅಂಗಾಲಿನಲ್ಲಿ ಅಂಕಿ ಮೂಡಿರುತ್ತದೆ. ಮೂರು ದಿನಕ್ಕೆ ಮಾಸಿಹೋಗುತ್ತದೆ. ಅಷ್ಟರೊಳಗೆ ಸೂಲಗಿತ್ತಿ ಅದನ್ನು ಓದಿ, ಒಂದು ಚೀಟಿಯಲ್ಲಿ ಬರೆಸಿ, ನನ್ನ ಮನೆಗೆ ಕಳಿಸುತ್ತಾಳೆ. ನಾನು ನಿಂಗಾಜಮ್ಮ, ಅಂಕಿ ಒಡೆಯುವವಳು. ನನ್ನವ್ವನೂ ಇದೇ ಕೆಲಸ ಮಾಡಿದವಳು. ನನಗೀಗ ಅರವತ್ತೆಂಟು. ಕಣ್ಣು ಮಂಜು, ಬಾಯಿ ಮಾತ್ರ ಚುರುಕು ಅಂತ ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈಗ ಹೇಳಹೊರಟಿರುವುದು ಆ ಚುರುಕು ಬಾಯಿ ನಲವತ್ತು ವರ್ಷ ಮುಚ್ಚಿಕೊಂಡಿದ್ದ ಒಂದು ಸಂಗತಿ.

ಅಂಕಿ ಒಡೆದು, ಈ ಮಗು ಯಾವ ಮನೆಗೆ ಸೇರಿದ್ದು ಅಂತ ಹೇಳುವುದು ನನ್ನ ಕೆಲಸ. ಹದಿನೈದು ಅಂತ ಬಂದರೆ ಮೂರರ ಮನೆಗೂ ಸೇರಿತು, ಐದರ ಮನೆಗೂ ಸೇರಿತು. ಶೇಷ ಉಳಿಸದೆ ನಿನ್ನನ್ನು ಭಾಗಿಸುವವರು ನಿನ್ನವರು, ಇಷ್ಟೇ ಲೆಕ್ಕ. ಹೆತ್ತವರು ಸಾಕುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮದುವೆಗೆ ಬಳೆ ತೊಡಿಸುವುದು, ಬಾಣಂತನಕ್ಕೆ ಬಂದು ನಿಲ್ಲುವುದು, ಜ್ವರ ಬಂದರೆ ಗಂಜಿ ತರುವುದು, ಹಬ್ಬದ ಸಾಲೂಟದಲ್ಲಿ ಪಕ್ಕದ ಎಲೆಗೆ ಕೂರುವುದು, ಕೊನೆಗೆ ಹೆಗಲು ಕೊಡುವುದು, ಇದೆಲ್ಲ ಮನೆಯವರ ಕೆಲಸ. ನನ್ನ ಅಂಕಿ ನಾಲ್ಕು ಸಾವಿರದ ತೊಂಬತ್ತಾರು. ಹನ್ನೆರಡು ಸಲ ಅರ್ಧ ಮಾಡಿದರೆ ಒಂದು ಬಂದು ನಿಲ್ಲುತ್ತದೆ. ಎರಡು ಬಿಟ್ಟರೆ ಅದರೊಳಗೆ ಇನ್ನೇನೂ ಇಲ್ಲ. ಎರಡರ ಮನೆ ಅಂದರೆ ಅರ್ಧ ಊರು. ಅಷ್ಟು ಜನರ ನಡುವೆ ಹುಟ್ಟಿದವಳಿಗೆ ಒಂಟಿತನ ಅಂದರೇನು ಅಂತ ಗೊತ್ತೇ ಇರಲಿಲ್ಲ.

ಇನ್ನು ಗಟ್ಟಿ ಅಂಕಿಯವರು. ಶಾಲೆಯ ಮೇಷ್ಟ್ರು ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ, ನಾವು ಗಟ್ಟಿ ಅನ್ನುತ್ತೇವೆ. ಅದನ್ನು ಒಂದು ಮತ್ತು ಅದೇ ಅಂಕಿ ಬಿಟ್ಟು ಬೇರೆ ಯಾವುದೂ ಭಾಗಿಸುವುದಿಲ್ಲ. ಗಟ್ಟಿ ಅಂಕಿ ಚಿಕ್ಕದಾದರೆ ಯೋಚನೆಯಿಲ್ಲ, ಅವರೇ ಒಂದು ಮನೆಯ ಯಜಮಾನರಾಗುತ್ತಾರೆ. ಅವರ ಎರಡರಷ್ಟು, ಮೂರರಷ್ಟು ಅಂಕಿಯವರು ಬಂದು ಸೇರಿಕೊಳ್ಳುತ್ತಾರೆ. ಗಟ್ಟಿ ಅಂಕಿ ತೀರಾ ದೊಡ್ಡದಾದರೆ ಮಾತ್ರ ಕಷ್ಟ. ಅದರ ಎರಡರಷ್ಟು ದೊಡ್ಡ ಅಂಕಿ ಯಾರ ಅಂಗಾಲಿನಲ್ಲೂ ಬರುವುದಿಲ್ಲ. ಮೇಲೆ ಯಾರೂ ಇಲ್ಲ, ಕೆಳಗೂ ಯಾರೂ ಇಲ್ಲ. ಅಂಥವರನ್ನು ನಮ್ಮೂರು ಕೀಳಾಗಿ ನೋಡುವುದಿಲ್ಲ, ಅದನ್ನು ಹೇಳಿಬಿಡುತ್ತೇನೆ. ಅವರನ್ನು ಹೊಂಗೆ ಮರದ ಕೆಳಗಿನ ನ್ಯಾಯದ ಕಲ್ಲಿನ ಮೇಲೆ ಕೂರಿಸುತ್ತೇವೆ. ತಮ್ಮ ಮನೆಯವರ ದೂರನ್ನು ಯಾರೂ ತಾವೇ ಕೇಳಬಾರದು ಅನ್ನುವುದು ಕಲ್ಲಿನ ಕಟ್ಟಳೆ. ಯಾರೂ ಇಲ್ಲದವರಾದರೆ ಎಲ್ಲರ ದೂರನ್ನೂ ಕೇಳಬಹುದಲ್ಲ. ಅವರು ಬಂದರೆ ಎದ್ದು ನಿಲ್ಲುತ್ತೇವೆ. ಊಟಕ್ಕೆ ಮಾತ್ರ ಕರೆಯುವುದಿಲ್ಲ. ಹಬ್ಬದ ದಿನ ಅವರ ಎಲೆಯನ್ನು ಕಲ್ಲಿನ ಮೇಲೆಯೇ ಹಾಕುತ್ತೇವೆ. ಅವರೂ ಯಾರನ್ನೂ ಅಣ್ಣ, ಅತ್ತೆ, ಚಿಕ್ಕವ್ವ ಅನ್ನುವ ಹಾಗಿಲ್ಲ. ಹೆತ್ತವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಹೆಸರು ಹಿಡಿದೇ ಕರೆಯಬೇಕು.

ಇನ್ನೊಂದು ಕಟ್ಟಳೆಯನ್ನು ಹೇಳದಿದ್ದರೆ ನನ್ನ ತಪ್ಪು ನಿಮಗೆ ತಿಳಿಯುವುದಿಲ್ಲ. ಯಾರಾದರೂ ತೀರಿಕೊಂಡರೆ ಒಂದು ವರ್ಷ ಅವರ ಅಂಕಿಯನ್ನು ಊರಿನಲ್ಲಿ ಯಾರೂ ಬಾಯಲ್ಲಿ ಆಡುವುದಿಲ್ಲ, ಬರೆಯುವುದಿಲ್ಲ, ಅದರಿಂದ ಭಾಗಿಸುವುದಿಲ್ಲ. ಇಟ್ಟಿಗೆ ಎಣಿಸುವವರು ಆ ಅಂಕಿ ಬಂದಾಗ ಒಂದು ಉಸಿರು ನಿಂತು ಮುಂದಕ್ಕೆ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಏಳು ಅಂಕಿಯ ಅಜ್ಜಿ ತೀರಿಕೊಂಡಿದ್ದಳು. ಅಬ್ಬಬ್ಬಾ, ಆ ವರ್ಷದ ಪಾಡು! ವಾರಕ್ಕೆ ಎಷ್ಟು ದಿನ ಅಂದರೆ ಆರು ದಿನ, ಆಮೇಲೆ ಇನ್ನೊಂದು ಅನ್ನಬೇಕಿತ್ತು. ಮಕ್ಕಳಿಗೆ ಮಾತ್ರ ಹಬ್ಬ, ಆ ಮಗ್ಗಿಯನ್ನು ಯಾರೂ ಕೇಳಲಿಲ್ಲ. ನಮ್ಮ ವಯಸ್ಸಿನ ಸುಮಾರು ಜನ ಇವತ್ತಿಗೂ ಏಳೆಂಟಲ ಎಷ್ಟು ಅಂದರೆ ತಡವರಿಸುತ್ತಾರೆ.

ನನ್ನ ಗಂಡ ಮರಿಸಿದ್ದ ಇನ್ನೂರ ತೊಂಬತ್ಮೂರು. ಗಟ್ಟಿ ಅಂಕಿ, ಸಣ್ಣ ಮನೆಯ ಯಜಮಾನ. ಸುಣ್ಣದ ಗೂಡು ಇಟ್ಟಿದ್ದ. ನಮ್ಮಲ್ಲಿ ಗಂಡನ ಹೆಸರನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೇಳಬಹುದು. ಅಂಕಿ ಹಿಡಿದು ಕರೆಯುವುದು ಮಾತ್ರ ಒಳಮನೆಯ ಸಲಿಗೆ. ನಾನು ಅವನನ್ನು ಹಾಗೇ ಕರೆಯುತ್ತಿದ್ದೆ. ಅವನು ಕೈಗೆಲ್ಲ ಸುಣ್ಣ ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರೆ, "ಏನು ಇನ್ನೂರ ತೊಂಬತ್ಮೂರು, ಕಾಲು ತೊಳೆಯೋದು ಯಾವಾಗ?" ಅನ್ನುತ್ತಿದ್ದೆ. ಅವನು ಬೇಕೆಂದೇ ಹಾಗೇ ಒಳಗೆ ಬರುತ್ತಿದ್ದ. ಮದುವೆಯಾಗಿ ಐದು ವರ್ಷ. ಮಕ್ಕಳಾಗಿರಲಿಲ್ಲ. ಜ್ವರ ಬಂತು, ಒಂಬತ್ತನೆಯ ದಿನ ಹೋದ. ನನಗಾಗ ಇಪ್ಪತ್ತೇಳು.

ಅವನು ಹೋಗಿ ನಲವತ್ತು ದಿನಕ್ಕೆ ದೇವೀರಿ ಹುಟ್ಟಿದಳು. ಚೀಟಿಯನ್ನು ಎರಡೆರಡು ಸಲ ಓದಿದೆ. ಹತ್ತು ಲಕ್ಷದ ಒಂಬತ್ತು. ನಮ್ಮೂರಿನ ಅಂಕಿಗಳು ಹತ್ತು ಸಾವಿರ, ಹೆಚ್ಚೆಂದರೆ ಇಪ್ಪತ್ತು ಸಾವಿರದೊಳಗೆ. ಅಷ್ಟು ದೊಡ್ಡದನ್ನು ನನ್ನವ್ವನೂ ಕಂಡಿರಲಿಲ್ಲ. ನನ್ನ ಮನೆ ಮುಂದೆ ಜಾತ್ರೆಯ ಹಾಗೆ ಜನ.

ಒಡೆಯುವ ಬಗೆ ಹೀಗೆ. ಒಂದೊಂದು ಗಟ್ಟಿ ಅಂಕಿಗೆ ಒಂದೊಂದು ಹುಣಸೆ ಬೀಜ. ಎಡಗಡೆ ಮೊರದಲ್ಲಿ ಬೀಜ ಇಟ್ಟುಕೊಂಡು, ಒಂದೊಂದು ಬೀಜದ ಅಂಕಿಯಿಂದ ಭಾಗಿಸಿ ನೋಡಿ, ಶೇಷ ಉಳಿದರೆ ಆ ಬೀಜವನ್ನು ಬಲಗಡೆ ಮೊರಕ್ಕೆ ಹಾಕುವುದು. ಹತ್ತು ಲಕ್ಷದ ಒಂಬತ್ತಕ್ಕೆ ಸಾವಿರದವರೆಗೆ ನೋಡಿದರೆ ಸಾಕು. ಸಾವಿರಕ್ಕಿಂತ ದೊಡ್ಡದು ಏನಾದರೂ ಅದನ್ನು ಒಡೆಯುವುದಾದರೆ ಅದರ ಜೊತೆಗಾರ ಸಾವಿರಕ್ಕಿಂತ ಚಿಕ್ಕದೇ ಇರಬೇಕು, ಅದು ಮೊದಲೇ ಸಿಕ್ಕಿರುತ್ತದೆ. ಸಾವಿರದೊಳಗೆ ಗಟ್ಟಿ ಅಂಕಿ ನೂರ ಅರವತ್ತೆಂಟು. ಅಂದರೆ ನೂರ ಅರವತ್ತೆಂಟು ಬೀಜ. ಅಲ್ಲಿಯವರೆಗೆ ಮೂವತ್ತು ಮೂವತ್ನಾಲ್ಕು ಬೀಜ ದಾಟಿದವಳಲ್ಲ ನಾನು. ಎರಡು ದಿನ ಕೂತು ಮಾಡಿದೆ. ಅರವತ್ತೊಂದು ಬೀಜ ಬಲಕ್ಕೆ ಹೋದವು. ಅರವತ್ತೆರಡನೆಯದನ್ನು ಕೈಗೆ ತೆಗೆದುಕೊಂಡೆ. ಅದು ಅವನ ಬೀಜ.

ಸೂತಕದ ವರ್ಷ. ಭಾಗಿಸುವ ಹಾಗಿಲ್ಲ. ಅಂಥ ಬೀಜವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಎತ್ತಿಟ್ಟು, ವರ್ಷ ಕಳೆದ ಮೇಲೆ ನೋಡಬೇಕು ಅನ್ನುವುದು ಕ್ರಮ. ಕಟ್ಟಿಟ್ಟೆ. ಉಳಿದ ನೂರ ಆರನ್ನೂ ಮುಗಿಸಿದೆ. ಎಲ್ಲದರಲ್ಲೂ ಶೇಷ ಉಳಿಯಿತು. ಹೊರಗೆ ಬಂದು, "ಸದ್ಯಕ್ಕೆ ಗಟ್ಟಿ. ಒಂದು ಬೀಜ ಕಟ್ಟಿಟ್ಟೀನಿ, ವರ್ಷದ ಮೇಲೆ ಹೇಳ್ತೀನಿ" ಅಂದೆ. ದೇವೀರಿಯ ಅವ್ವ ಚೌಡಮ್ಮ ಹಸಿ ಬಾಣಂತಿ, ಗೋಡೆ ಹಿಡಿದು ನಿಂತಿದ್ದಳು. ಆ ಒಂದು ಬೀಜ ಅಂದದ್ದಕ್ಕೆ ಅವಳ ಮುಖ ಎಷ್ಟು ಅರಳಿತು ಅಂದರೆ, ನಾನು ಬೇರೆ ಕಡೆ ನೋಡಿದೆ.

ವರ್ಷ ಕಳೆಯಿತು. ಊರಿನವರು ಇಟ್ಟಿಗೆ ಎಣಿಸುವಾಗ ಅವನ ಅಂಕಿಯನ್ನು ಮತ್ತೆ ಧಾರಾಳವಾಗಿ ಹೇಳತೊಡಗಿದರು. ನನ್ನ ನಾಲಿಗೆ ಮಾತ್ರ ಏಳಲಿಲ್ಲ. ಪೆನ್ಸಿಲು ಹಿಡಿದು ಎರಡು ಅಂತ ಬರೆದರೆ ಮುಂದಿನ ಒಂಬತ್ತು ಬರೆಯಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಚೌಡಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಅಕ್ಕಾ, ಆ ಬೀಜ ನೋಡಿದ್ರಾ?" ಅಂದಳು. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆ, "ನೋಡ್ದೆ ಕಣೇ. ಗಟ್ಟಿ" ಅಂದೆ. ಅವಳು ಮಗುವಿನ ಎಡಗಾಲನ್ನು ಸೆರಗಿನಿಂದ ಮುಚ್ಚಿಕೊಂಡು ಹೋದಳು.

ಸುಳ್ಳು. ಅಪ್ಪಟ ಸುಳ್ಳು. ಆಮೇಲೆ ನೋಡಿದರಾಯಿತು, ನೂರ ಅರವತ್ತೇಳರಲ್ಲಿ ಇಲ್ಲದ್ದು ಈ ಒಂದರಲ್ಲಿ ಇರುತ್ತದೆಯೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆ ಮಕ್ಕಳ ಅಂಕಿಗೆ ಅಷ್ಟು ದೂರದ ಬೀಜ ಬೇಕಾಗಲೇ ಇಲ್ಲ. ಹಾಗಾಗಿ ಬಟ್ಟೆಯ ಗಂಟು ಪೆಟ್ಟಿಗೆಯ ತಳದಲ್ಲಿ ಉಳಿದುಹೋಯಿತು. ಒಂದು ವರ್ಷ ಹತ್ತಾಯಿತು, ಹತ್ತು ನಲವತ್ತಾಯಿತು. ದೇವೀರಿ ಬೆಳೆದಳು, ಇಪ್ಪತ್ತೊಂದಕ್ಕೆ ಕಲ್ಲಿನ ಮೇಲೆ ಕೂತಳು. ಒಳ್ಳೆಯ ನ್ಯಾಯಗಾತಿ. ಎತ್ತರದ ದನಿಯಲ್ಲಿ ಒಂದು ಮಾತು ಆಡಿದವಳಲ್ಲ. ಹಬ್ಬದ ಸಾಲೂಟದಲ್ಲಿ ನಾನು ಗಂಡನ ಮನೆಯ ಸಾಲಿಗೆ ಕೂರುತ್ತಿದ್ದೆ. ಆ ಸಾಲಿನಲ್ಲಿ ಬರಬರುತ್ತಾ ಉಳಿದದ್ದು ಎರಡೇ ಎಲೆ: ನನ್ನದು ಮತ್ತು ಎಂಟುನೂರ ಎಪ್ಪತ್ತೊಂಬತ್ತರ ಬೋರಣ್ಣನದು. ಅವನ ಅಂಕಿ ನನ್ನ ಗಂಡನ ಮೂರರಷ್ಟು, ನನಗೆ ಮೈದುನನಾಗಬೇಕು. ನಮ್ಮ ಎಲೆಯಿಂದ ಹತ್ತು ಹೆಜ್ಜೆಗೆ ಕಲ್ಲು. ಅಲ್ಲಿ ದೇವೀರಿ ಒಬ್ಬಳೇ ಕೂತು, ಯಾರ ಕಡೆಗೂ ನೋಡದೆ, ಬೇಗ ಬೇಗ ಉಂಡು ಎಲೆ ಮಡಿಸುತ್ತಿದ್ದಳು.

ಈ ವರ್ಷ ಅವಳು ಕಲ್ಲಿನ ಮೇಲೆ ಕೂತು ಇಪ್ಪತ್ತು ವರ್ಷ ತುಂಬುವುದಿತ್ತು. ಇಪ್ಪತ್ತು ತುಂಬಿದ ದಿನ ಅವರ ಅಂಕಿಯನ್ನು ಕಲ್ಲಿನಲ್ಲಿ ಕೆತ್ತುತ್ತಾರೆ. ಕೆತ್ತಿದ ಮೇಲೆ ಆ ಅಂಕಿ ಕಲ್ಲಿಗೆ ಸೇರಿತು. ಆಮೇಲೆ ಯಾವ ಮನೆಯೂ ಅದು ನಮ್ಮದು ಅನ್ನುವ ಹಾಗಿಲ್ಲ, ಅದರ ಮೇಲೆ ಮತ್ತೆ ಬೀಜ ಇಡುವ ಹಾಗೂ ಇಲ್ಲ. ಕಲ್ಲುಕುಟಿಗನಿಗೆ ಹೇಳಿ ಕಳಿಸಿಯಾಗಿತ್ತು. ಅದಕ್ಕೆ ಎಂಟು ದಿನ ಮುಂಚೆ, ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ದೇವೀರಿ ಬಂದಳು. ಕೈಯಲ್ಲಿ ಸ್ಲೇಟು. ಯಾವತ್ತೂ ಗಂಭೀರವಾಗಿರುವ ಮುಖದಲ್ಲಿ ಚಿಕ್ಕ ಹುಡುಗಿಯ ಖುಷಿ.

"ನಿಂಗಾಜಮ್ಮೋರೆ, ಒಂದು ತೋರಿಸ್ಬೇಕು ನಿಮಗೆ. ನಗಬಾರ್ದು."

"ನಗೋ ಹಂಗಿದ್ರೆ ನಗ್ತೀನಿ. ತೋರ್ಸು."

ಅವಳು ಜಗಲಿಯ ಅಂಚಿನಲ್ಲಿ ಕೂತಳು. ಕಲ್ಲಿನವರನ್ನು ಒಳಗೆ ಬಾ ಅನ್ನುವ ಹಾಗಿಲ್ಲವಲ್ಲ, ನಾನು ಅನ್ನಲಿಲ್ಲ. "ನನ್ನ ಅಂಕಿ ಚುಕ್ಕಿ ಇಟ್ಟು ರಂಗೋಲಿ ಹಾಕ್ದಂಗೆ ಜೋಡಿಸ್ಬಹುದು ಅಂತ ಚಿಕ್ಕೋಳಿದ್ದಾಗ್ಲೇ ಗೊತ್ತಿತ್ತು. ಸಾವಿರ ಸಾಲು, ಸಾಲಿಗೆ ಸಾವಿರ ಚುಕ್ಕಿ. ಮಿಕ್ಕ ಒಂಬತ್ತಕ್ಕೆ ಮೂರು ಸಾಲು, ಸಾಲಿಗೆ ಮೂರು. ಒಂದು ದೊಡ್ಡ ಅಂಗಳ, ಒಂದು ಪುಟ್ಟ ಒಲೆ. ನಮ್ಮವ್ವಂಗೆ ಹೇಳಿದ್ರೆ ನಗೋಳು."

"ಚೆನ್ನಾಗೈತೆ. ಅದಕ್ಕೇನೀಗ?"

"ಕೆತ್ತಿಬಿಟ್ರೆ ಅಂಕಿ ನಂದಲ್ಲ. ಅದಕ್ಕೆ ಮುಂಚೆ ಒಂದಿಷ್ಟು ಆಟ ಆಡೋಣ ಅಂತ ಎರಡು ತಿಂಗಳಿಂದ ಕೂತಿದ್ದೆ. ಇದಕ್ಕೆ ಇನ್ನೊಂದು ಥರ ಮನೆ ಕಟ್ಟೋಕಾಗುತ್ತಾ ಅಂತ. ಸಣ್ಣ ಚೌಕ ಒಂದರಿಂದ ಹಿಡಿದು ಒಂದೊಂದೇ ನೋಡ್ತಾ ಬಂದೆ. ಇನ್ನೂರ ಮೂವತ್ತೈದಕ್ಕೆ ಸಿಕ್ತು!" ಸ್ಲೇಟನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. ಒಂಬೈನೂರ ಎಪ್ಪತ್ತೆರಡು ಸಾಲಿನ ಒಂದು ಚೌಕ: ಒಂಬತ್ತು ಲಕ್ಷದ ನಲವತ್ನಾಲ್ಕು ಸಾವಿರದ ಏಳುನೂರ ಎಂಬತ್ನಾಲ್ಕು. ಇನ್ನೂರ ಮೂವತ್ತೈದು ಸಾಲಿನ ಇನ್ನೊಂದು: ಐವತ್ತೈದು ಸಾವಿರದ ಇನ್ನೂರ ಇಪ್ಪತ್ತೈದು. ಎರಡೂ ಸೇರಿದರೆ ಹತ್ತು ಲಕ್ಷದ ಒಂಬತ್ತು.

"ದೊಡ್ಡ ಚೌಕದ ಕಡೆಯಿಂದ ಬಂದಿದ್ರೆ ಇಪ್ಪತ್ತೆಂಟನೇದಕ್ಕೇ ಸಿಗೋದು, ಹುಚ್ಚಿ" ಅಂದೆ. ಬಾಯಿ ತನ್ನಷ್ಟಕ್ಕೆ ಆಡಿತು. ಪೊರಕೆ ಹಿಡಿದ ಕೈ ಮಾತ್ರ ಗುಡಿಸುವುದನ್ನು ನಿಲ್ಲಿಸಿತ್ತು. ಏಕೆಂದರೆ ನನ್ನವ್ವ ನನಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೊಂದು: ಗಟ್ಟಿ ಅಂಕಿಯನ್ನು ಎರಡು ಚೌಕವಾಗಿ ಜೋಡಿಸಲು ಬಂದರೆ ಒಂದೇ ಬಗೆಯಲ್ಲಿ ಬರುತ್ತದೆ. ಎರಡು ಬಗೆಯಲ್ಲಿ ಬಂದರೆ ಅದು ಗಟ್ಟಿಯಲ್ಲ. ಒಡೆಯುತ್ತದೆ. ಯಾಕೆ ಅಂತ ವಿವರಿಸಲು ಒಂದು ಮಧ್ಯಾಹ್ನ ಬೇಕು. ಒಡೆಯುತ್ತದೆ ಅನ್ನುವುದು ಮಾತ್ರ ಖಂಡಿತ.

"ಇದಕ್ಕೇನಾದ್ರೂ ಅರ್ಥ ಐತಾ?" ಅಂತ ಕೇಳಿದಳು.

"ಏನಿಲ್ಲ ಬಿಡು. ನೋಡಕ್ಕೆ ಚಂದ" ಅಂದೆ. ಎರಡನೆಯ ಸುಳ್ಳು.

"ನನ್ನ ಅಂಕಿಗಾದ್ರೂ ಎರಡು ಮನೆ ಸಿಕ್ತು ನೋಡಿ" ಅಂತ ನಕ್ಕು, ಸ್ಲೇಟನ್ನು ಎದೆಗೆ ಒತ್ತಿಕೊಂಡು ಹೋದಳು.

ಪೊರಕೆಯನ್ನು ಅಲ್ಲೇ ಎಸೆದು ಒಳಗೆ ಬಂದೆ. ಪೆಟ್ಟಿಗೆಯ ತಳದಿಂದ ಗಂಟು ತೆಗೆದೆ. ಬಟ್ಟೆಯ ಅರಿಶಿನ ಬೆಳ್ಳಗಾಗಿತ್ತು. ಬೀಜ ಹಾಗೇ ಇತ್ತು, ಕಪ್ಪಗೆ, ಮಿರಮಿರ. ಬಾಗಿಲ ಬೆಳಕಿಗೆ ಕೂತು ಪೆನ್ಸಿಲು ಹಿಡಿದೆ. ಬಾಯಲ್ಲಿ ಹೇಳಲಿಲ್ಲ, ಬರೆದೆ. ಮೂರು ಸಾವಿರ ಸಲ ತೆಗೆದರೆ ಎಂಟು ಲಕ್ಷದ ಎಪ್ಪತ್ತೊಂಬತ್ತು ಸಾವಿರ. ಉಳಿದದ್ದು ಒಂದು ಲಕ್ಷದ ಇಪ್ಪತ್ತೊಂದು ಸಾವಿರದ ಒಂಬತ್ತು. ನಾನೂರು ಸಲ ತೆಗೆದರೆ ಒಂದು ಲಕ್ಷದ ಹದಿನೇಳು ಸಾವಿರದ ಇನ್ನೂರು. ಉಳಿದದ್ದು ಮೂರು ಸಾವಿರದ ಎಂಟುನೂರ ಒಂಬತ್ತು. ಹದಿಮೂರು ಸಲ ತೆಗೆದರೆ ಮೂರು ಸಾವಿರದ ಎಂಟುನೂರ ಒಂಬತ್ತು. ಸೊನ್ನೆ. ಆ ಸೊನ್ನೆ ಬರೆದು ಅದರ ಮೇಲೆ ಬೆರಳಿಟ್ಟುಕೊಂಡು ಅತ್ತುಬಿಟ್ಟೆ. ಅವನು ಹೋಗಿ ನಲವತ್ತೇ ದಿನಕ್ಕೆ ಅವನ ಮನೆಗೆ ಒಂದು ಕೂಸು ಬಂದಿತ್ತು. ನನ್ನ ಮನೆಗೆ. ನಾನು ಅದನ್ನು ಕಲ್ಲಿನ ಮೇಲೆ ಕೂರಿಸಿ, ಹತ್ತು ಹೆಜ್ಜೆ ಈಚೆಗೆ ಕೂತು ಪಾಯಸ ಉಂಡಿದ್ದೆ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಬೋರಣ್ಣನಿಗೆ ಹೇಳಿದೆ. ಅವನು ಹಿತ್ತಲಿನಲ್ಲಿ ತನ್ನ ಮೊಂಡು ಗೋಡೆಯ ಪಕ್ಕ ಕೂತು ಹಗ್ಗ ಹೊಸೆಯುತ್ತಿದ್ದ. ಆ ಗೋಡೆ ಪಕ್ಕದವರ ಜಾಗಕ್ಕೆ ಒಂದು ಮೊಳ ದಾಟಿದೆ ಅಂತ ಆರು ವರ್ಷದ ಹಿಂದೆ ದೇವೀರಿಯೇ ಒಡೆಸಿದ್ದಳು. ಅವತ್ತಿನಿಂದ ಅವಳ ಹೆಸರು ಬಂದರೆ ಬೋರಣ್ಣ ಗೊಣಗುತ್ತಾನೆ. ನಾನು ಹೇಳಿದ್ದನ್ನೆಲ್ಲ ಕೇಳಿ ಹಗ್ಗವನ್ನು ತೊಡೆಯ ಮೇಲೆ ಬಿಟ್ಟ.

"ಅತ್ಗೆ, ಸುಮ್ಕಿದ್ಬಿಡಿ" ಅಂದ. "ಅವಳಿಗೆ ನಲವತ್ತೊಂದಾಯ್ತು. ಇಡೀ ಊರು ಅವಳನ್ನ ಕಂಡ್ರೆ ಎದ್ದು ನಿಲ್ತದೆ. ಈಗ ಹೋಗಿ ನೀನು ಗಟ್ಟಿ ಅಲ್ಲ ಅಂದ್ರೆ, ಕಲ್ಲೂ ಹೋಯ್ತು. ಸಿಗೋದೇನು? ಆ ಕಡೆ ಮೂರು ಸಾವಿರದ ನಾನೂರ ಹದಿಮೂರರ ಮನೇಲಿ ಊರಲ್ಲಿ ಯಾರೂ ಇಲ್ಲ. ಈ ಕಡೆ ನೀವು, ನಾನು. ಒಬ್ಬಳು ಮುದುಕಿ, ಒಬ್ಬ ಮುದುಕ. ನಿಮ್ಮ ಮರ್ಯಾದೆ ಬೇರೆ ಬೀದಿಗೆ ಬೀಳ್ತದೆ. ನಾಳೆಯಿಂದ ಯಾರು ನಿಮ್ಮ ಹತ್ರ ಚೀಟಿ ಕಳಿಸ್ತಾರೆ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಕೋಪ ಬಂತು. "ನಿಂಗೆ ಗೋಡೆ ಒಡೆಸಿದ ಸಿಟ್ಟು" ಅಂದೆ.

"ಅಯ್ಯೋ ಬಿಡಿ, ಆ ಸಿಟ್ಟು ಬ್ಯಾರೆ" ಅಂದವನು, ಹಗ್ಗದ ತುದಿ ನೋಡುತ್ತಾ ಕೇಳಿದ, "ಅಲ್ಲ ಅತ್ಗೆ, ಆಗ್ಲೇ ಗೊತ್ತಾಗಿದ್ರೆ ಅಣ್ಣನ ಎಲೆ ಜಾಗಕ್ಕೆ ಆ ಕೂಸನ್ನೇ ಕೂರುಸ್ಕೋತಿದ್ವಿ ಅಲ್ವಾ?"

ನಾನು ಎದ್ದು ಬಂದೆ. ಮತ್ತೆ ಮೂರು ದಿನ ಹೀಗೇ ಹೋದವು. ಅನ್ನ ಇಳಿಯಲಿಲ್ಲ. ಹೇಳಿದರೆ ಅವಳಿಗೆ ಇರುವ ಒಂದೇ ಆಸರೆ ಹೋಗುತ್ತದೆ, ಹೇಳದಿದ್ದರೆ ಅವಳಿಗೆ ಸೇರಬೇಕಾದ್ದು ಎಂದೆಂದಿಗೂ ಹೋಗುತ್ತದೆ. ಹೀಗೆ ತೂಗಿ ತೂಗಿ ನೋಡುತ್ತಿದ್ದೆನಲ್ಲ, ಆ ತಕ್ಕಡಿ ಹಿಡಿಯಲು ನಾನು ಯಾರು? ಒಮ್ಮೆ ಅವಳ ಪರವಾಗಿ ನಾನೇ ತೀರ್ಮಾನ ಮಾಡಿ ಆದ ಅನಾಹುತ ಇದು. ತೀರ್ಮಾನ ಅವಳದು. ಇಷ್ಟು ಹೊಳೆಯಲು ನನಗೆ ಆರು ದಿನ ಬೇಕಾಯಿತು, ಮೂಢ ಮುಂಡೇದು.

ಏಳನೆಯ ದಿನ ಬೆಳಗ್ಗೆ ಹೊಂಗೆ ಮರದ ಹತ್ತಿರ ಹೋದೆ. ಕಲ್ಲುಕುಟಿಗ ಆಗಲೇ ಬಂದು, ಕಲ್ಲಿನ ಒಂದು ಮಗ್ಗುಲಿಗೆ ಗೆರೆ ಹಾಕಿ, ಉಳಿ ಮಸೆಯುತ್ತಿದ್ದ. ದೂರು ಹೇಳುವವರು ನಾಲ್ಕೈದು ಜನ, ಸುಮ್ಮನೆ ಕೇಳುವವರು ಇಪ್ಪತ್ತು ಮೂವತ್ತು ಜನ. ಬೋರಣ್ಣನೂ ಹಿಂದೆ ಬಂದು ನಿಂತಿದ್ದ. ನನ್ನ ಸರದಿ ಬಂತು.

"ದೂರು ಯಾರದು?" ದೇವೀರಿ ಯಾವಾಗಲೂ ಕೇಳುವ ಹಾಗೆ ಕೇಳಿದಳು.

"ನಂದು."

"ಯಾರ ಮೇಲೆ?"

"ನನ್ನ ಮೇಲೇನೇ."

ಜನ ನಕ್ಕರು. ನಿಂಗಾಜಮ್ಮನಿಗೆ ಅರಳುಮರಳು ಅಂತ ಯಾರೋ ಅಂದರು. ದೇವೀರಿ ನಗಲಿಲ್ಲ. ನನ್ನ ಮುಖ ನೋಡಿ, "ಹೇಳಿ" ಅಂದಳು. ನಾನು ಗಂಟು ಬಿಚ್ಚಿ ಬೀಜವನ್ನು ಕಲ್ಲಿನ ಮೇಲೆ ಅವಳ ಮುಂದಿಟ್ಟೆ. ಸೂತಕದ ವರ್ಷ, ಕಟ್ಟಿಟ್ಟ ಬೀಜ, ಚೌಡಮ್ಮ ಬಂದು ಕೇಳಿದ್ದು, ನಾನು ಅಕ್ಕಿ ಆರಿಸುತ್ತಾ ಹೇಳಿದ ಸುಳ್ಳು, ಏಳು ದಿನದ ಹಿಂದೆ ಜಗಲಿಯಲ್ಲಿ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಉಳಿಯ ಸದ್ದೂ ನಿಂತಿತ್ತು.

"ಯಾವ ಅಂಕಿಯ ಬೀಜ ಇದು?" ದೇವೀರಿ ಕೇಳಿದಳು.

"ನಮ್ಮೆಜಮಾನ್ರುದು."

"ಅಂಕಿ ಬಾಯ್ಬಿಟ್ಟು ಹೇಳಿ."

ನಲವತ್ತೊಂದು ವರ್ಷ. ಅಷ್ಟೂ ದಿನ ಅದನ್ನು ಬಾಯಲ್ಲಿ ಆಡಿರಲಿಲ್ಲ. ಬೋರಣ್ಣ ಹಿಂದಿನಿಂದ ನನ್ನ ಮೊಣಕೈ ಹಿಡಿದುಕೊಂಡ. "ಇನ್ನೂರ ತೊಂಬತ್ಮೂರು" ಅಂದೆ. ಅಂದ ಮೇಲೆ ಇನ್ನೊಂದು ಸಲವೂ ಅಂದೆ, ಅದು ನಾನಾಗಿಯೇ.

ಅವಳು ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಂಡು ತಾನೇ ಭಾಗಿಸಿದಳು. ಅವಸರ ಮಾಡಲಿಲ್ಲ. ಮೂರು ಬರೆದಳು, ನಾಲ್ಕು ಬರೆದಳು, ಒಂದು ಬರೆದಳು, ಮೂರು ಬರೆದಳು. ಕೆಳಗೆ ಸೊನ್ನೆ ಬರೆಯಬೇಕಾದಲ್ಲಿ ಬಳಪ ನಿಂತಿತು. ಆಮೇಲೆ ಬರೆದಳು. ತಲೆ ಎತ್ತಿದಾಗ ಅವಳ ಮುಖ ಕೆಂಪಾಗಿತ್ತು.

"ನಮ್ಮವ್ವ ಸಾಯೋ ದಿನ ಏನ್ಮಾಡಿದ್ಲು ಗೊತ್ತಾ ನಿಮಗೆ?" ಅವಳ ದನಿ ಏರಿದ್ದನ್ನು ಊರು ಕೇಳಿದ್ದು ಅದೇ ಮೊದಲು. "ನನ್ನ ಎಡಗಾಲು ಹಿಡ್ಕೊಂಡ್ಲು. ಹಿಡ್ಕೊಂಡು, ನಿನ್ನನ್ನ ಒಂಟಿ ಮಾಡಿ ಹೆತ್ತುಬಿಟ್ನಲ್ಲ ಮಗ, ತಪ್ಪಾಯ್ತು ಅಂದ್ಲು. ಅವಳು ಯಾಕೆ ಕೇಳ್ಬೇಕಿತ್ತು? ಯಾರ ತಪ್ಪಿಗೆ? ವರ್ಷಾ ವರ್ಷಾ ನಿಮ್ಮ ಕಣ್ಮುಂದೇನೇ ಈ ಕಲ್ಲಿನ ಮೇಲೆ ಉಂಡಿದೀನಿ ನಾನು. ಗಂಟಲಲ್ಲಿ ಇಳೀತಿತ್ತಾ ನಿಮಗೆ?"

"ಇಳೀತಿತ್ತು" ಅಂದೆ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಶಿಕ್ಷೆ ಹೇಳವ್ವ. ಏನ್ ಹೇಳಿದ್ರೂ ಆಗ್ಲಿ. ಬೀಜದ ಮೊರ ಕಿತ್ಕೋ ಅಂದ್ರೆ ಕೊಡ್ತೀನಿ. ಊರು ಬಿಡು ಅಂದ್ರೆ ಬಿಡ್ತೀನಿ."

ದೇವೀರಿ ಹೊಂಗೆಯ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು, ಕಷ್ಟದ ದೂರು ಬಂದಾಗ ಕೂರುವ ಹಾಗೆ. ಕಲ್ಲುಕುಟಿಗ ಒಮ್ಮೆ ಅವಳನ್ನು, ಒಮ್ಮೆ ತಾನು ಹಾಕಿದ ಗೆರೆಯನ್ನು ನೋಡುತ್ತಿದ್ದ. ಕೊನೆಗೆ ಅವಳು ಕಣ್ಣು ಬಿಟ್ಟು, ಬೀಜವನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಟು ಬಿಗಿಯಾಗಿದೆಯೇ ಅಂತ ಎಳೆದು ನೋಡಿದಳು.

"ಈ ದೂರು ನಾನು ಕೇಳೋ ಹಂಗಿಲ್ಲ" ಅಂದಳು.

"ಯಾಕೆ ತಾಯಿ?" ಅಂತ ಯಾರೋ ಕೇಳಿದರು.

"ಕಲ್ಲಿನ ಮೇಲೆ ಕೂತೋರು ಅವರ ಮನೆಯೋರ ದೂರು ಕೇಳಬಾರ್ದು."

ಹಾಗೆ ಹೇಳಿ ಕಲ್ಲಿನಿಂದ ಇಳಿದಳು. ಇಪ್ಪತ್ತು ವರ್ಷ ಕೂತ ಜಾಗ. ಇಳಿಯುವಾಗ ಕಾಲು ಜೋಮು ಹಿಡಿದಿತ್ತೋ ಏನೋ, ಸ್ವಲ್ಪ ತಡವರಿಸಿದಳು. ಬೋರಣ್ಣ ಕೈ ಕೊಡಲು ಮುಂದೆ ಹೋದ. "ನಿಮ್ಮ ಗೋಡೆ ನ್ಯಾಯ ಸರಿಯಾಗೇ ಇತ್ತು" ಅಂತ ಅವನಿಗೆ ಹೇಳಿ, ಕೈ ಹಿಡಿದುಕೊಂಡಳು. ಅವನಿಗೆ ಗೊಣಗಲೂ ತೋಚಲಿಲ್ಲ. ಜನ ದಾರಿ ಬಿಟ್ಟರು. ಅವಳು ನನ್ನ ಪಕ್ಕದಲ್ಲೇ ದಾಟಿಕೊಂಡು, ನನ್ನ ಮುಖ ನೋಡದೆ, ನನ್ನ ಮನೆಯ ದಾರಿ ಹಿಡಿದು ಹೋದಳು. ನಾನು ನಿಂತಲ್ಲೇ ನಿಂತಿದ್ದೆ. ಹತ್ತು ಹೆಜ್ಜೆ ಹೋದವಳು ತಿರುಗಿ ನೋಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ.

"ಬನ್ನಿ ದೊಡ್ಡವ್ವ" ಅಂದಳು. "ಜಗಳ ಮನೇಲಿ ಆಡೋಣ."